ಎಂಪಿ3 ನುಂಗಿದ ಬಳೆ ಸಪ್ಪಳ

"ಎಂಪಿ3 ಸಾಕು ಬಿಡಿ, ಯಾರಿಗೆ ಗೊತ್ತಾಗುತ್ತೆ?" ಎಂದು ಯಾರಾದರೂ ಅಂದರೆ ನನಗೆ ಇಂದಿಗೂ ಮೈಯೆಲ್ಲ ಉರಿಯುತ್ತದೆ. ಈ ಮಾತನ್ನು ನನ್ನಷ್ಟು ಜಂಬದಿಂದ ಹೇಳಿದವರು ಇಡೀ ಹೈದರಾಬಾದಿನಲ್ಲಿ ಇರಲಿಕ್ಕಿಲ್ಲ. ಉರಿ ಅದಕ್ಕೇ.

ಆಗ ಕೊಂಡಾಪುರದಲ್ಲಿ ನೋಡನೋಡುತ್ತ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅಂಥದ್ದೊಂದರಲ್ಲಿ ನನಗೆ ಕೆಲಸ. ಕೂಕಟ್‌ಪಲ್ಲಿಯ ಫ್ಲ್ಯಾಟಿನಲ್ಲಿ ನಾನು ಮತ್ತು ಸರ್ಕಾರಿ ನೌಕರಿಯಿಂದ ನಿವೃತ್ತನಾದ ಅಪ್ಪ, ಇಬ್ಬರೇ. ಅವ್ವ ತೀರಿಕೊಂಡು ಮೂರು ವರ್ಷವಾಗಿತ್ತು. ಅವಳ ದನಿ ಉಳಿದದ್ದು ಒಂದೇ ಒಂದು ಕ್ಯಾಸೆಟ್ಟಿನಲ್ಲಿ. ತಂಗಿ ಕೂಸಾಗಿದ್ದಾಗ ಅವ್ವ ತೊಟ್ಟಿಲು ತೂಗುತ್ತ ಹಾಡಿದ ಜೋಗುಳವನ್ನು ಅಪ್ಪ ರೆಕಾರ್ಡ್ ಮಾಡಿದ್ದ. ತೊಟ್ಟಿಲು ತೂಗಿದಂತೆಲ್ಲ ಅವಳ ಗಾಜಿನ ಬಳೆಗಳು ತಾಳ ಹಾಕುತ್ತಿದ್ದವು. ಅದರ ಮೇಲೆ ಮತ್ತೇನೂ ರೆಕಾರ್ಡ್ ಆಗದಿರಲೆಂದು ಕ್ಯಾಸೆಟ್ಟಿನ ಮೂಲೆಯ ಪ್ಲಾಸ್ಟಿಕ್ ಚೂರನ್ನು ಅವ್ವನೇ ಮುರಿದಿಟ್ಟಿದ್ದಳು.

ತಂಗಿಗೆ ಮಗಳು ಹುಟ್ಟಿದಳು. "ಹೆಸರಿಡೋ ವಿಡಿಯೊದಾಗ ಅವ್ವನ ಹಾಡು ಬರಬೇಕು ನೋಡಣ್ಣ," ಎಂದು ಫೋನಿನಲ್ಲಿ ಹೇಳಿದಳು. ವಿಡಿಯೊ ಎಡಿಟ್ ಮಾಡುವವನು ನಾನೇ.

ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ವೈರು ಎಳೆದು ಹಾಡನ್ನು ವೇವ್ ಫೈಲಾಗಿ ಇಳಿಸಿಕೊಂಡೆ. ಅಲ್ಲಿಯವರೆಗೆ ಮನುಷ್ಯನಂತೆಯೇ ನಡೆದುಕೊಂಡಿದ್ದೆ. ವೇವ್ ಎಂದರೆ ದನಿಯನ್ನು ಹಿಂಡದೆ, ಬಂದಂತೆಯೇ ಇಟ್ಟುಕೊಳ್ಳುವ ಫೈಲು. ಸಿಕ್ಕಾಪಟ್ಟೆ ಜಾಗ ತಿನ್ನುತ್ತದೆ. ನನ್ನ ಹಾರ್ಡ್ ಡಿಸ್ಕಿನ ತುಂಬ ತೆಲುಗು ಸಿನಿಮಾ ಹಾಡುಗಳು. ನಾಲ್ಕು ಅಳಿಸಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಅಳಿಸಲಿಲ್ಲ. ಅವ್ವನ ಹಾಡನ್ನೇ ಹಿಂಡಿ, ಸಾಧ್ಯವಾದಷ್ಟು ಚಿಕ್ಕ ಎಂಪಿ3 ಮಾಡಿ, ವೇವ್ ಫೈಲನ್ನು ಅಳಿಸಿಹಾಕಿದೆ. ಕಂಪ್ಯೂಟರಿನ ಡಬ್ಬಾ ಸ್ಪೀಕರಿನಲ್ಲಿ ಕೇಳಿದರೆ ಚೆನ್ನಾಗಿಯೇ ಇತ್ತು.

ಅಪ್ಪ ಪಕ್ಕದಲ್ಲೇ ನಿಂತಿದ್ದ. "ಈ ಕ್ಯಾಸೆಟ್ ಇನ್ನ ಬೇಕಾಗಂಗಿಲ್ಲೇನು?" ಎಂದು ಕೇಳಿದ.

"ಬ್ಯಾಡಪ್ಪ. ಕಂಪ್ಯೂಟರ್‌ನಾಗ ಬಂದೈತಿ, ಇನ್ನ ಎಲ್ಲಿಗೂ ಹೋಗಂಗಿಲ್ಲ," ಎಂದೆ, ದೊಡ್ಡ ಇಂಜಿನಿಯರ್ ಸಾಹೇಬ. ಆಮೇಲಿನಿಂದ ಅಪ್ಪ ದಿನಾ ಬೆಳಿಗ್ಗೆ ಟೇಪ್ ರೆಕಾರ್ಡರಿನಲ್ಲಿ ಒಂದೇ ಪ್ರವಚನ ಹಚ್ಚಿಕೊಂಡು ಕೂರತೊಡಗಿದ.

ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು, ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುವುದು, ಇವೆಲ್ಲದರ ಕೆಳಗೆ ಅವ್ವನ ಹಾಡು ಕೂರಿಸಿ ವಿಡಿಯೊ ಸಿ.ಡಿ. ಮಾಡಿದೆ. ಒಮ್ಮೆ ಹಿಂಡಿದ ದನಿಯನ್ನು ಸಿ.ಡಿ. ಮತ್ತೊಮ್ಮೆ ಹಿಂಡಿತ್ತು. ತಂಗಿಯ ಮನೆಯ ದೊಡ್ಡ ಸ್ಪೀಕರಿನಲ್ಲಿ ಹಚ್ಚಿದಾಗ ಅವ್ವ ಬಾವಿಯೊಳಗಿಂದ ಹಾಡಿದಂತಿತ್ತು. ಬಳೆಗಳ ಜಾಗದಲ್ಲಿ ಬರೀ ಸುಸ್ ಎನ್ನುವ ಸದ್ದು.

"ಅವ್ವನ ಬಳಿ ಸಪ್ಪಳ ಎಲ್ಲೈತಿ?" ಎಂದಳು ತಂಗಿ.

"ಹಳೇ ಕ್ಯಾಸೆಟ್ಟು. ಹಂಗ ಆಗತೈತಿ."

"ಸುಳ್ಳ ಹೇಳಬ್ಯಾಡ. ನಾ ಅದನ್ನ ಕೇಳಿ ಬೆಳದಾಕಿ." ಅವಳು ಟಿವಿ ಆರಿಸಿ, ಕೂಸನ್ನೆತ್ತಿಕೊಂಡು ಒಳಗೆ ಹೋದಳು.

ಮನೆಗೆ ಬಂದವನೇ ಕ್ಯಾಸೆಟ್ ಹುಡುಕಿದೆ. ಮುರಿದ ಮೂಲೆಗೆ ಅಪ್ಪ ಅಂಟುಪಟ್ಟಿ ಹಚ್ಚಿ, ಅವ್ವನ ಹಾಡಿನ ಮೇಲೆ ರೇಡಿಯೊದ ಪ್ರವಚನ ರೆಕಾರ್ಡ್ ಮಾಡಿಕೊಂಡಿದ್ದ. ಯಾವುದನ್ನೂ ವ್ಯರ್ಥ ಮಾಡದ ಮನೆ ನಮ್ಮದು. "ನಿನಗ ತಲಿ ಐತೇನು? ಇದ್ದದ್ದೊಂದು ಕ್ಯಾಸೆಟ್ಟು!" ಎಂದು ನೆರೆಯವರು ಬಾಗಿಲು ತೆರೆದು ನೋಡುವಷ್ಟು ಕೂಗಾಡಿದೆ.

"ನಿನ್ನ ಕೇಳೇ ಮಾಡೀನಪ್ಪ," ಎಂದ ಅಪ್ಪ, ತಲೆ ತಗ್ಗಿಸಿ.

ಅವನು ಎದ್ದು ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರಿಗೆ ಹಾಕಿ, ಕೊನೆಯ ಹತ್ತಿರದವರೆಗೆ ಓಡಿಸಿ, ಗುಂಡಿ ಒತ್ತಿದ. ಪ್ರವಚನ ಅರ್ಧಕ್ಕೇ ನಿಂತಿತು. ಆಮೇಲೆ ತೊಟ್ಟಿಲ ಸರಪಳಿಯ ಕಿರುಗುಟ್ಟು, ಗಾಜಿನ ಬಳೆಗಳು, ಸ್ಪಷ್ಟವಾಗಿ. ಅವ್ವನ ದನಿ: "ಸಾಕ್ರಿ, ಬಂದ್ ಮಾಡ್ರಿ. ಕೂಸು ಮಲಗೈತಿ."

ಅಷ್ಟೇ. ಅಪ್ಪ ಗುಂಡಿ ಒತ್ತಿ ಆರಿಸಿದ ರೀತಿಯಲ್ಲೇ ತಿಳಿಯಿತು, ಇದು ಅವನಿಗೆ ಹೊಸದಲ್ಲ. ದಿನಾ ಬೆಳಿಗ್ಗೆ ಅದೇ ಪ್ರವಚನವನ್ನು ಅವನು ಕೊನೆಯವರೆಗೂ ಕೂತು ಕೇಳುತ್ತಿದ್ದದ್ದು ಇದಕ್ಕೇ. ತಾನು ಅಳಿಸಿದ್ದು ಎಂಥದ್ದೆಂದು ಗೊತ್ತಿದ್ದೂ ನನ್ನೆದುರು ಚಕಾರ ಎತ್ತಿರಲಿಲ್ಲ.

ಆ ಕ್ಷಣವೇ ನನ್ನ ಮೇಲಿನ ಸಿಟ್ಟಿನಲ್ಲಿ ಸಿನಿಮಾ ಹಾಡುಗಳನ್ನೆಲ್ಲ ಅಳಿಸಿ, ಕ್ಯಾಸೆಟ್ಟಿನಲ್ಲಿ ಅವ್ವನ ದನಿ ಉಳಿದಷ್ಟನ್ನು ವೇವ್ ಫೈಲಾಗಿ ಇಳಿಸಿದೆ. ಹದಿನಾಲ್ಕು ಸೆಕೆಂಡು. ಅಷ್ಟಕ್ಕೆ ಒಂದು ಹಾಡನ್ನೂ ಅಳಿಸುವ ಅಗತ್ಯವಿರಲಿಲ್ಲ.