ತೂಕ ಇಳಿಸಿ ಕೂತ ತುಲಾಭಾರ

ತೀರ್ಥಹಳ್ಳಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಇಪ್ಪತ್ತೈದು ವರ್ಷದಿಂದ ಕಂಡವರ ಮದುವೆ, ನಾಮಕರಣ, ಗೃಹಪ್ರವೇಶಗಳಲ್ಲಿ ‘ಸ್ವಲ್ಪ ಉಸಿರು ಎಳ್ಕೊಳ್ಳಿ ಸರ್’ ಎಂದು ಊರವರ ಹೊಟ್ಟೆಗಳನ್ನೆಲ್ಲ ಒಳಗೆ ಕಳಿಸಿದವನು ನಾನು. ನನ್ನದನ್ನು ಮಾತ್ರ ಕ್ಯಾಮೆರಾದ ಹಿಂದೆ ಬಚ್ಚಿಟ್ಟುಕೊಂಡಿದ್ದೆ. ಕೆಲಸ ಮುಗಿದ ಮೇಲೆ ಊಟ ಮಾಡದೆ ಹೊರಟರೆ ನಮ್ಮ ಕಡೆ ಯಾವ ಮನೆಯವರೂ ಬಿಡುವುದಿಲ್ಲ. ನಾನೂ ಹಾಗೆ ಹೊರಟವನಲ್ಲ. ಹೀಗೆ ತೊಂಬತ್ತಾರು ಕೆಜಿ ಆಗಿದ್ದೆ.

ಆಗಲೇ ಅಮ್ಮ ಹರಕೆಯ ಮಾತು ತೆಗೆದದ್ದು. ನನಗೆ ಏಳು ವರ್ಷವಿದ್ದಾಗ ಟೈಫಾಯ್ಡ್ ಬಂದು ಮೂಳೆಚಕ್ಕಳ ಆಗಿದ್ದೆನಂತೆ. ಉಳಿಸಿಕೊಟ್ಟರೆ ಇವನ ತೂಕದ ಬೆಲ್ಲ ಕೊಡುತ್ತೇನೆ ಎಂದು ಹೊಸನಗರದ ಕಡೆಯ ನಮ್ಮ ಮನೆದೇವರಿಗೆ ಹೇಳಿಕೊಂಡಿದ್ದಳು. ಮೊದಲು ಕೈಯಲ್ಲಿ ಕಾಸಿರಲಿಲ್ಲ, ಆಮೇಲೆ ಅಪ್ಪ ತೀರಿಕೊಂಡರು, ಅದರ ನಂತರದ್ದು ಬರೀ ಉದಾಸೀನ. ಎಪ್ಪತ್ತೈದು ತುಂಬಿದ ಮೇಲೆ ಒಂದು ಬೆಳಿಗ್ಗೆ ತಿಂಡಿ ಹೊತ್ತಿನಲ್ಲಿ ಹೇಳಿದಳು: ‘ನನ್ನ ಕಣ್ಣೆದುರಿಗೆ ನಿನ್ನ ತೂಗ್ಸಿಬಿಡಣ ಮಾರಾಯ. ಅದೊಂದು ಬಾಕಿ ಉಳ್ಕಂಡಿದೆ.’

ತುಲಾಭಾರದ ಫೋಟೋಗಳನ್ನು ನಾನು ಎಷ್ಟೋ ತೆಗೆದಿದ್ದೇನೆ. ದೊಡ್ಡ ತಕ್ಕಡಿಯ ಒಂದು ತಟ್ಟೆಯಲ್ಲಿ ಹರಕೆಯವರು ಚಕ್ಕಳಮಕ್ಕಳ ಹಾಕಿ ಕೂರಬೇಕು, ಇನ್ನೊಂದರಲ್ಲಿ ಬೆಲ್ಲ ಪೇರಿಸುತ್ತ ಹೋಗುತ್ತಾರೆ. ದಪ್ಪಗಿನವರು ಕೂತರೆ ಸುತ್ತ ನಿಂತ ನೆಂಟರಿಗೆ ಹಬ್ಬ. ‘ಇದಕ್ಕೆ ಆಲೆಮನೆಯನ್ನೇ ಹೊತ್ಕಂಡು ಬರ್ಬೇಕು’ ಎಂದು ಒಬ್ಬರ ಬಗ್ಗೆ ಯಾರೋ ಅಂದಾಗ ನಾನೇ ನಕ್ಕು ಕ್ಯಾಮೆರಾ ಅಲುಗಾಡಿಸಿದ್ದೆ. ಆ ಜಾಗದಲ್ಲಿ ನಾನು ಕೂರುವುದೇ? ‘ಎಪ್ಪತ್ತೈದು ಕೆಜಿಗೆ ಬರ್ತೀನಿ, ಆಮೇಲೆ ಕೂರ್ತೀನಿ’ ಎಂದುಬಿಟ್ಟೆ. ಅಲ್ಲಿಂದ ಮುಂದೆ ತುಲಾಭಾರ ನನ್ನ ಪಾಲಿಗೆ ಅಮ್ಮನ ಹರಕೆಯಾಗಿ ಉಳಿಯಲಿಲ್ಲ. ತೆಳ್ಳಗಾದದ್ದಕ್ಕೆ ನನಗೆ ನಾನೇ ಕೊಟ್ಟುಕೊಳ್ಳುವ ದೊಡ್ಡ ಬಹುಮಾನವಾಯಿತು.

ದೊಡ್ಡದಕ್ಕೆ ಕಾಯುವ ತಾಳ್ಮೆ ಇಲ್ಲದೆ ನಡುನಡುವೆ ಸಣ್ಣ ಬಹುಮಾನಗಳನ್ನೂ ಇಟ್ಟುಕೊಂಡೆ. ಐದು ಕೆಜಿ ಇಳಿದಾಗ ಕಡುಬು, ಕೋಳಿ ಸಾರು. ಒಂದು ದಿನಕ್ಕೆಂದದ್ದು ಒಂದು ವಾರ ನಡೆಯಿತು, ಎರಡು ಕೆಜಿ ವಾಪಸು ಬಂತು. ಮತ್ತೆ ಇಳಿಸಿದೆ. ಹತ್ತಾದಾಗ ಗೆಳೆಯರನ್ನು ಕಟ್ಟಿಕೊಂಡು ಜೋಗಕ್ಕೆ ಹೋಗಿ, ಬರುವಾಗ ಸಾಗರದಲ್ಲಿ ಹೋಟೆಲು ಹೊಕ್ಕು, ಕಷ್ಟಪಟ್ಟಿದ್ದೇನೆ ತಿನ್ನುತ್ತೇನೆ ಎಂದು ತಿಂದೆ. ಆಮೇಲೂ ಬಾಯಿ ಹಿಡಿತಕ್ಕೆ ಬರಲು ತಿಂಗಳುಗಳೇ ಬೇಕಾದವು. ಹತ್ತು ತಿಂಗಳಲ್ಲಿ ಮುಗಿಸುತ್ತೇನೆಂದು ಅಮ್ಮನಿಗೆ ಹೇಳಿದ್ದು ಎರಡೂವರೆ ವರ್ಷ ಹಿಡಿಯಿತು.

ಅಷ್ಟರಲ್ಲಿ ಅಮ್ಮ ಸಾರಿಗೆ ಎರಡೆರಡು ಸಲ ಉಪ್ಪು ಹಾಕಲು ಶುರುಮಾಡಿದ್ದಳು. ಸತ್ತು ಹದಿನೆಂಟು ವರ್ಷವಾದ ಅಪ್ಪ ಇನ್ನೂ ಪೇಟೆಯಿಂದ ಬಂದಿಲ್ಲವೆಂದು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ನನಗೆ ಕಾಣಲಿಲ್ಲ ಎಂದರೆ ಸುಳ್ಳು. ಕಂಡಿತ್ತು. ವಯಸ್ಸಾಯಿತು, ಎಲ್ಲರಿಗೂ ಆಗುವುದೇ ಎಂದುಕೊಂಡೆ. ಹೆಂಡತಿ ಒಂದು ದಿನ ನೇರವಾಗಿಯೇ ಹೇಳಿದಳು: ‘ದೇವ್ರಿಗೆ ನಿಮ್ಮ ಹೊಟ್ಟೆ ಕಟ್ಕಂಡು ಎಂತ ಆಗ್ಬೇಕು? ಅತ್ತೆಗೆ ನೆನಪಿರುವಾಗ್ಲೇ ಹೋಗಿ ಕೂತು ಬನ್ನಿ.’ ‘ಇನ್ನು ಎಂಟೇ ಕೆಜಿ ಕಣೇ’ ಎಂದೆ. ಎಂಥ ಮೂರ್ಖ ನಾನು. ಅಷ್ಟು ಸ್ಪಷ್ಟವಾಗಿ ಹೇಳಿದರೂ ತಲೆಗೆ ಹೋಗಲಿಲ್ಲ.

ಕಳೆದ ವರ್ಷ ಎಪ್ಪತ್ನಾಲ್ಕಕ್ಕೆ ಬಂದೆ. ರೇಷ್ಮೆ ಪಂಚೆ ಕೊಂಡೆ. ಬೇರೆ ಸ್ಟುಡಿಯೋದವರಿಗೆ ಹೇಳಿ ಫೋಟೋಗೂ ಏರ್ಪಾಡು ಮಾಡಿದೆ. ಬರಿಮೈಯಲ್ಲಿ ತಟ್ಟೆಯ ಮೇಲೆ ಕೂತಾಗ ಯಾರೂ ನಗಲಿಲ್ಲ. ‘ಎಷ್ಟು ಇಳ್ದಿದಾನೆ ನೋಡಿ’ ಎಂದು ನೆಂಟರೊಬ್ಬರು ಅಂದರು. ನನಗೆ ಬೇಕಾಗಿದ್ದೂ ಅದೇ. ಬೆಲ್ಲ ಏರುತ್ತ ಏರುತ್ತ ನನ್ನ ತಟ್ಟೆ ನೆಲ ಬಿಟ್ಟಿತು. ಹೆಂಡತಿಯ ಕೈ ಹಿಡಿದು ನಿಂತಿದ್ದ ಅಮ್ಮ ಬಿಡಿಸಿಕೊಂಡು ಹತ್ತಿರ ಬಂದಳು. ನನ್ನ ಕೊರಳ ಕೆಳಗೆ ಎದ್ದು ಕಾಣುತ್ತಿದ್ದ ಮೂಳೆಯ ಮೇಲೆ ಬೆರಳಾಡಿಸಿದಳು, ಹಣೆ ಮುಟ್ಟಿ ನೋಡಿದಳು, ಪೂಜೆಯ ಭಟ್ಟರ ಕಡೆ ತಿರುಗಿದಳು.

‘ಇಳಿಸಿ ಭಟ್ರೇ ಹುಡುಗನ್ನ. ಇನ್ನೂ ಜ್ವರ ಬಿಟ್ಟಿಲ್ಲ. ಗುಣ ಆಗಿ ಮೈ ಹಿಡೀಲಿ, ಆಮೇಲೆ ತೂಗ್ಸಣ.’

ಭಟ್ಟರು ಮಂತ್ರ ನಿಲ್ಲಿಸಿ ನನ್ನ ಮುಖ ನೋಡಿದರು. ‘ಅಮ್ಮಾ, ನಾನು ಗುಣ ಆಗಿ ನಲವತ್ತು ವರ್ಷ ಆಯ್ತು’ ಎಂದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಪೂಜೆ ಮುಗಿಯಿತು, ಹರಕೆ ಸಂದಿತೆಂದು ಭಟ್ಟರು ಪ್ರಸಾದ ಕೊಟ್ಟರು. ಅಮ್ಮ ಕೈ ಚಾಚಲಿಲ್ಲ. ತೊಂಬತ್ತಾರರಲ್ಲೇ ಹೋಗಿ ಕೂತಿದ್ದರೆ ಜನ ಒಂದು ದಿನ ನಗುತ್ತಿದ್ದರು, ಅಷ್ಟೆ. ಆದರೆ ತಾನು ಉಳಿಸಿಕೊಂಡ ಮಗನನ್ನು ಅಮ್ಮ ಕಣ್ತುಂಬ ನೋಡಿರುತ್ತಿದ್ದಳು. ಅದನ್ನು ನಾನು ಅವಳಿಂದ ಕಿತ್ತುಕೊಂಡೆ.

ಊರಿಗೆ ಬಂದ ಮೇಲೆ ವಾಕಿಂಗ್ ಬಿಟ್ಟೆ, ಪಥ್ಯ ಬಿಟ್ಟೆ. ಮತ್ತೆ ಮೈ ಬಂದರೆ ಅವಳಿಗೆ ಸಮಾಧಾನವಾದೀತು, ಇನ್ನೊಂದು ಸಲ ಕೂತರಾಯಿತು ಎಂಬ ಆಸೆ. ಈಗ ತೊಂಬತ್ತರ ಮೇಲಿದ್ದೇನೆ. ಮೊನ್ನೆ ಮಧ್ಯಾಹ್ನ ಊಟಕ್ಕೆ ಅವಳ ಪಕ್ಕ ಕೂತೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಹೊರಗಿನಿಂದ ಬಂದವರ ಜೊತೆ ಮಾತಾಡುವ ಹಾಗೆ ಮರ್ಯಾದೆಯಿಂದ ಹೇಳಿದಳು:

‘ನನ್ನ ಮಗಂಗೆ ಹುಷಾರಿಲ್ಲ ಕಣ್ರೀ. ನಿಮ್ಮ ಥರ ಮೈ ತುಂಬ್ಕಂಡು ಎದ್ರೆ ಸಾಕು, ದೇವ್ರಿಗೆ ಬೆಲ್ಲ ಕೊಡ್ತೀನಿ.’