ದೊಡ್ಡವ್ವನ ಹೆಸರಿನ ಕಾಲು ಚಮಚ

ಮೊನ್ನೆ ಅರಿಶಿನ ಕುಂಕುಮ ತರಲು ಗ್ರಂಧಿಗೆ ಅಂಗಡಿಗೆ ಹೋಗಿದ್ದೆ. ನನಗಿಂತ ಮುಂಚೆ ಬಂದು ನಿಂತಿದ್ದ ಹೆಂಗಸೊಬ್ಬರಿಗಾಗಿ ಅಂಗಡಿಯವರು ಮೇಲಿನ ಗೂಡಿನಿಂದ ಡಬ್ಬಿಯೊಂದನ್ನು ಇಳಿಸಿ ಮುಚ್ಚಳ ತೆಗೆದರು. ಬಜೆಯ ವಾಸನೆ. ಬಾಣಂತಿ ಮನೆಗೆ ಒಮ್ಮೆ ಕಾಲಿಟ್ಟವರಿಗೂ ಆ ಘಾಟು ಮರೆಯುವುದಿಲ್ಲ. ನಾನು ಅರಿಶಿನವನ್ನೂ ಕೊಳ್ಳದೆ ಹೊರಗೆ ಬಂದು, ನಿಲ್ಲಿಸಿದ್ದ ಸ್ಕೂಟರಿಗೆ ಒರಗಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಯಾಕೆ ಅಂತ ನಿಮಗೆ ಹೇಳಬೇಕು. ಹೇಳದೆ ಹತ್ತು ವರ್ಷ ಕಳೆದಿದ್ದೇನೆ.

ಆಗ ನಾನೊಬ್ಬ ಬ್ಲಾಗರ್. ನಗಬೇಡಿ, ಹಾಗಂತ ವಿಸಿಟಿಂಗ್ ಕಾರ್ಡನ್ನೇ ಮಾಡಿಸಿದ್ದೆ. ಕೊಡಲು ಯಾರೂ ಸಿಗದೆ ಅದರ ಹಿಂದೆ ಹಾಲಿನ ಲೆಕ್ಕ ಬರೆದದ್ದು ಬೇರೆ ಮಾತು. ಮಗನಿಗೆ ನಾಲ್ಕು ವರ್ಷ, ಮಗಳಿಗೆ ಒಂದು. ಯಜಮಾನರು ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯೊಂದರಲ್ಲಿ ಶಿಫ್ಟಿನ ಕೆಲಸದವರು. ಮಕ್ಕಳನ್ನು ಬಿಟ್ಟು ಹೊರಗೆ ದುಡಿಯಲು ಹೋಗುವಂತಿರಲಿಲ್ಲ, ಸುಮ್ಮನೆ ಕೂರುವ ಜಾಯಮಾನವೂ ನನ್ನದಲ್ಲ. ಅಡುಗೆಮನೆಗೂ ಬಚ್ಚಲಿಗೂ ನಡುವಿನ ಮೂರಡಿ ಜಾಗದಲ್ಲಿ ಹೊಲಿಗೆ ಮಿಷನ್ನಿನ ಮೇಜು ಹಾಕಿ, ಅದರ ಮೇಲೆ ಹಳೆಯ ಲ್ಯಾಪ್‌ಟಾಪ್ ಇಟ್ಟು, ತಾಯಂದಿರಿಗಾಗಿ ಕನ್ನಡದಲ್ಲಿ ಬರೆಯತೊಡಗಿದೆ. ಯಜಮಾನರು ಮನೆಗೆ ಬಂದಾಗ, "ಏನಪ್ಪಾ, ನಿಮ್ಮವ್ವ ಇನ್ನೂ ಆಫೀಸಿಂದ ಬಂದಿಲ್ವಾ?" ಎಂದು ಮಗನನ್ನು ಕೇಳುತ್ತಿದ್ದರು.

ಒಂದು ಕಾಲಿನಿಂದ ಜೋಲಿ ತೂಗುತ್ತಾ ಎರಡು ಕೈಯಲ್ಲಿ ಟೈಪ್ ಮಾಡುವುದು ಆಗ ನನಗೆ ಕರಗತವಾಗಿತ್ತು. ಮಗ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು, "ಅವ್ವಾ, ಫೋಟೋ ಆಯ್ತಾ? ತಿನ್ಲಾ?" ಎಂದು ಕೇಳಿಯೇ ಬಾಯಿಗಿಡುತ್ತಿದ್ದ. ಬಿಸಿಯಾದದ್ದನ್ನು ಅವನು ತಿಂದ ನೆನಪು ನನಗಿಲ್ಲ. ಮೊದಲ ವರ್ಷ ನನ್ನ ಬ್ಲಾಗನ್ನು ಓದುತ್ತಿದ್ದವಳು ನಾನೇ. ಎರಡನೆಯ ವರ್ಷ ದೊಡ್ಡವ್ವನ ಬಗ್ಗೆ ಬರೆದೆ ನೋಡಿ, ಆಗ ಜನ ಬಂದರು.

ದೊಡ್ಡವ್ವ ನಮ್ಮ ತಾಯಿಯ ಅಕ್ಕ. ಹರಿಹರದಲ್ಲಿ ಮಗ ಸೊಸೆಯ ಜೊತೆ ಇದ್ದಳು. ಆ ಓಣಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಮಗುವಿಗೆ ಎರೆಯಲು ಅವಳೇ ಹೋಗಬೇಕು. ಹಿಂದೂಗಳ ಮನೆ, ಸಾಬರ ಮನೆ ಎನ್ನುವ ಭೇದವಿಲ್ಲ. ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು ನೀರು ಹಾಕಿದಳೆಂದರೆ ಅಳುತ್ತಿದ್ದ ಮಗು ಅಲ್ಲೇ ಕಣ್ಣು ಮುಚ್ಚುತ್ತಿತ್ತು. ಆಮೇಲೆ ಸಾಣೆಕಲ್ಲು. ತಾಯಿಯ ಹಾಲು ನಾಲ್ಕು ಹನಿ ಹಾಕಿಸಿಕೊಂಡು ಬಜೆ ಎರಡು ಸುತ್ತು, ಅಳಲೆಕಾಯಿ ಎರಡು ಸುತ್ತು, ಜಾಯಿಕಾಯಿ ಒಂದೇ ಸುತ್ತು ತೇಯುವಳು. ಕಲ್ಲಿನ ಮೇಲೆ ಕಂಡೂ ಕಾಣದ ಒಂದು ಗೆರೆಯಷ್ಟು ಗಂಧ. ಅದನ್ನು ಬೆರಳ ತುದಿಯಲ್ಲಿ ಬಳಿದು ನಾಲಿಗೆಗೆ ಸವರಿದರೆ ಮುಗಿಯಿತು. ನನ್ನ ಎರಡು ಮಕ್ಕಳಿಗೂ ಎರೆದವಳು ಅವಳೇ, ತಿಂಗಳುಗಟ್ಟಲೆ ದಾವಣಗೆರೆಯಲ್ಲೇ ಇದ್ದು.

ಇದನ್ನೆಲ್ಲ ಬರೆದು, ಕಲ್ಲಿನ ಮುಂದೆ ಕೂತ ಅವಳ ಫೋಟೋ ಹಾಕಿದೆ. ಓದಿದವರು ಕೊಂಡಾಡಿದರು. ಬೇಬಿ ಸೋಪಿನವರು ಜಾಹೀರಾತು ಕೇಳಿಕೊಂಡು ಬಂದರು. ನಾನು ನೆಲದ ಮೇಲೆ ನಡೆಯುವುದನ್ನು ಬಿಟ್ಟೆ. ಆದರೆ ಬರಹದ ಕೆಳಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರತೊಡಗಿತು: ಸಾಣೆಕಲ್ಲು ಇಲ್ಲದವರು ಪುಡಿ ಮಾಡಿಕೊಳ್ಳಬಹುದಾ, ಎಷ್ಟು ಚಮಚ ಕೊಡಬೇಕು?

ದೊಡ್ಡವ್ವನಿಗೆ ಫೋನ್ ಮಾಡಿದೆ.

"ಪುಡಿ ಗಿಡಿ ಬ್ಯಾಡವ್ವ," ಅಂದಳು. "ಜಾಯಿಕಾಯಿ ಮಂಪರು ತರ್ತತೆ. ಚಮಚದಾಗೆ ಹೆಂಗೆ ಕೊಡಾಕಾಗ್ತತೆ? ಕೂಸಿನ ಮುಖ ನೋಡಿ ತೇಯಬೇಕು."

"ಅಂದಾಜು ಹೇಳು ದೊಡ್ಡವ್ವ, ಜನ ಕಾಯ್ತಾ ಇದ್ದಾರೆ. ಇಲ್ಲಿ ಹುಡುಗಿಗೆ ಜ್ವರ, ಹುಡುಗನಿಗೆ ಹೊಡೆದು ಹೊಡೆದು ಸಾಕಾಗಿದೆ."

"ಕಾಯ್ಲಿ ಬಿಡು. ಕಲ್ಲಿಲ್ದೋರು ಕೊಡೋದೇ ಬ್ಯಾಡ ಅಂತ ಬರಿ."

ಹಾಗೆ ಬರೆದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ನನ್ನ ಬ್ಲಾಗಿಗೊಂದು ಪದ್ಧತಿಯಿತ್ತು. ಪ್ರತಿ ಬರಹದ ಕೊನೆಯಲ್ಲಿ ಸಾಮಗ್ರಿಗಳ ಪಟ್ಟಿ, ಪಕ್ಕದಲ್ಲಿ ಅಳತೆ. ಸಾರಿನ ಪುಡಿಗೂ ಅದೇ, ಮಂಡಕ್ಕಿ ಒಗ್ಗರಣೆಗೂ ಅದೇ. ಅವತ್ತು ಮಗಳಿಗೆ ಹಲ್ಲು ಬರುವ ಜ್ವರ, ಸೊಂಟದಿಂದ ಇಳಿಯುತ್ತಿರಲಿಲ್ಲ. ಮಗ ಅಕ್ಕಿ ಡಬ್ಬಿಗೆ ನೀರು ಸುರಿದಿದ್ದ. ಅವನ ಬೆನ್ನಿಗೊಂದು ಕೊಟ್ಟು, ಇವಳನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು, ಒಂದೇ ಕೈಯಲ್ಲಿ ಟೈಪ್ ಮಾಡಿದೆ: ಎಲ್ಲವನ್ನೂ ಸಮನಾಗಿ ಪುಡಿ ಮಾಡಿ, ಕಾಲು ಚಮಚ. ಬರೆದ ಮೇಲೆ ಯಾಕೋ ಅಳುಕಾಯಿತು. ಅಳುಕು ಹೋಗಲೆಂದು ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಹರಿಹರದ ನಮ್ಮ ದೊಡ್ಡವ್ವ ಬಹಳ ವರ್ಷಗಳಿಂದ ಕೊಡುತ್ತಿರುವ ಅಳತೆ.

ಹತ್ತು ಹನ್ನೆರಡು ದಿನ ಏನೂ ಆಗಲಿಲ್ಲ. ಆಮೇಲೊಂದು ಬೆಳಿಗ್ಗೆ, ಮಗಳಿಗೆ ಗಂಜಿ ತಿನ್ನಿಸುತ್ತಿದ್ದಾಗ ಮೊಬೈಲಿಗೆ ಸಂದೇಶ ಬಂತು. ಲೋಕಿಕೆರೆಯ ಸವಿತಾ ಎನ್ನುವ ಹುಡುಗಿ. ಅವಳ ತವರು ಹರಿಹರ, ಫೋಟೋದಲ್ಲಿ ದೊಡ್ಡವ್ವನ ಗುರುತು ಹಿಡಿದು ಈ ಮೊದಲೂ ಒಂದೆರಡು ಸಲ ಬರೆದಿದ್ದಳು. "ಅಕ್ಕಾ, ನೀವು ಬರ್ದಂಗೆ ಕಾಲು ಚಮಚ ಕೊಟ್ಟೀನಿ. ಅಜ್ಜಿ ಅಳತೆ ಅಂತ ಧೈರ್ಯ ಮಾಡ್ದೆ. ಕೂಸು ನಿನ್ನೆ ಸಂಜೆ ಮಲಗಿದ್ದು ಇನ್ನೂ ಎದ್ದಿಲ್ಲ. ಹಾಲಿಗೂ ಬಾಯಿ ತೆಗೀತಿಲ್ಲ. ಎಷ್ಟೊತ್ತಿಗೆ ಏಳ್ತತೆ?"

ಗಂಜಿಯ ಬಟ್ಟಲು ಕೆಳಗಿಟ್ಟೆ. ನಾನು ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಹೇಳುತ್ತೇನೆ. ಮೊದಲು ಲ್ಯಾಪ್‌ಟಾಪ್ ತೆಗೆದು ಕಾಲು ಚಮಚದ ಸಾಲನ್ನು ಅಳಿಸಿದೆ. ಆಮೇಲೆ ಸವಿತಾಳಿಗೆ ಬರೆದೆ: ಕೂಡಲೇ ಆಸ್ಪತ್ರೆಗೆ ಹೋಗು. ಅಳಿಸಲು ಹಿಡಿದದ್ದು ಎರಡೋ ಮೂರೋ ನಿಮಿಷ ಇರಬೇಕು. ಆ ಎರಡು ಮೂರು ನಿಮಿಷ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಮಗು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಉಳಿಯಿತು. ಕಲ್ಲಿನ ಮೇಲೆ ತೇದದ್ದು ಎಳ್ಳಷ್ಟೂ ಇರುವುದಿಲ್ಲ, ಪುಡಿ ಕಾಲು ಚಮಚ ಅಂದರೆ ತಿಂಗಳುಗಟ್ಟಲೆಯದನ್ನು ಒಂದೇ ಸಲ ಕೊಟ್ಟ ಹಾಗೆ ಎಂದು ಅಲ್ಲಿಯ ಡಾಕ್ಟರು ಬೈದರಂತೆ. ತೇದದ್ದನ್ನೂ ಕೊಡಬೇಡಿ ಅಂದರಂತೆ. ಇದನ್ನೆಲ್ಲ ಬರೆದು ತಿಳಿಸಿದವಳು ಸವಿತಾಳೇ. ಅದೇ ಅವಳ ಕೊನೆಯ ಸಂದೇಶ.

ಸವಿತಾಳ ಅತ್ತೆ ಹರಿಹರಕ್ಕೆ ಹೋಗಿ, ಓಣಿಯ ನಡುವೆ ನಿಂತು ದೊಡ್ಡವ್ವನನ್ನು ಬಾಯಿಗೆ ಬಂದಂತೆ ಬೈದರು. ಸುದ್ದಿ ನನಗೆ ಅವತ್ತೇ ಗೊತ್ತಾಯಿತು. ಸಂಜೆ ದೊಡ್ಡವ್ವನೇ ಫೋನ್ ಮಾಡಿದಳು. ಬೈಯುತ್ತಾಳೆ, ಬೈದರೆ ಅತ್ತು ಒಪ್ಪಿಕೊಳ್ಳೋಣ ಎಂದುಕೊಂಡೆ.

"ಹುಡುಗಿ ಜ್ವರ ಬಿಡ್ತಾ?" ಅಂದಳು.

"ಬಿಡ್ತು."

"ಹುಡುಗನ್ನ ಹೊಡೀಬ್ಯಾಡ. ಆಡೋ ವಯಸ್ಸು." ಅಷ್ಟೇ ಹೇಳಿ ಇಟ್ಟಳು.

ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಆಮೇಲೆ ಆ ಓಣಿಯಲ್ಲಿ ಎರೆಯಲು ಯಾರೂ ಅವಳನ್ನು ಕರೆಯಲಿಲ್ಲ. ಪಕ್ಕದ ಮನೆಯಲ್ಲೇ ಹೆರಿಗೆಯಾದಾಗ ಮಗುವನ್ನು ನೋಡಲು ಹೋದವಳ ಕೈಗೆ ಮಗುವನ್ನು ಕೊಡಲಿಲ್ಲವಂತೆ. ನಾನು ಬ್ಲಾಗು ನಡೆಸುತ್ತಲೇ ಇದ್ದೆ. ಮಕ್ಕಳ ಟಿಫಿನ್ ಡಬ್ಬಿಗೆ ಹತ್ತು ಬಗೆ, ಬೇಸಿಗೆ ರಜೆಗೆ ಹತ್ತು ಆಟ. ಜನ ವಿಡಿಯೋಗಳ ಕಡೆ ತಿರುಗಿದ ಮೇಲೆ ಅದು ತಾನಾಗಿಯೇ ಸೊರಗಿತು. ನಾಲ್ಕು ವರ್ಷಕ್ಕೆ ದೊಡ್ಡವ್ವ ತೀರಿಕೊಂಡಳು. ಮಣ್ಣಿನ ದಿನ ಹೆಂಗಸೊಬ್ಬರು, "ಒಳ್ಳೆ ಜೀವ. ಆ ಕೂಸಿನ ವಿಷಯದಾಗೆ ಮಾತ್ರ ಕೈ ತಪ್ತು," ಅಂದರು. ನಾನು ಸೆರಗು ಬಾಯಿಗೆ ಹಚ್ಚಿಕೊಂಡು ಅಳುತ್ತಿದ್ದೆ. ಸೆರಗು ತೆಗೆದು ಒಂದು ಮಾತು ಹೇಳಬಹುದಿತ್ತು. ಹೇಡಿ ನಾನು, ಹೇಳಲಿಲ್ಲ.

ಅಂಗಡಿಯಿಂದ ಬರಿಗೈಯಲ್ಲಿ ಬಂದ ಮಾರನೆಯ ದಿನ ಲೋಕಿಕೆರೆಯ ಬಸ್ ಹತ್ತಿದೆ. ಊರಲ್ಲಿ ಕೇಳಿಕೊಂಡು ಹೋದಾಗ ಸವಿತಾ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಯಾರೆಂದು ಹೇಳಿದೆ. ಅವಳ ಮುಖ ಸ್ವಲ್ಪ ಬಿಗಿಯಾಯಿತು. ಆದರೂ "ಕೂಡ್ರಿ ಅಕ್ಕಾ" ಎಂದು ಒಳಗೆ ಹೋಗಿ ಒಂದು ಚೊಂಬು ನೀರು ತಂದುಕೊಟ್ಟಳು. ಬಿಸಿಲಿಗೆ ಗಂಟಲು ಒಣಗಿತ್ತು, ಗಟಗಟನೆ ಕುಡಿದೆ. ಅಂಗಳದಲ್ಲಿ ಹುಡುಗನೊಬ್ಬ ಸೈಕಲ್ಲಿನ ಚೈನು ಕೂರಿಸುತ್ತಿದ್ದ. "ಅವ್ನೇ ರೀ," ಅಂದಳು. ಗಟ್ಟಿಮುಟ್ಟಾದ ಹುಡುಗ.

"ಆ ಅಳತೆ ದೊಡ್ಡವ್ವಂದಲ್ಲ ಸವಿತಾ," ಅಂದೆ. "ಅವಳು ಬ್ಯಾಡ ಅಂದಿದ್ಲು. ನಾನೇ ಬರ್ದೆ."

ಮತ್ತೆ ಕಾಯಿ ಸುಲಿಯತೊಡಗಿದ್ದ ಅವಳ ಕೈ ನಿಂತಿತು.

"ಅಜ್ಜಿ ಇಲ್ಲಿಗೆ ಬಂದಿದ್ರು, ಗೊತ್ತೇನ್ರಿ ನಿಮಗೆ?"

ನನಗೆ ಗೊತ್ತಿರಲಿಲ್ಲ.

"ಕೂಸನ್ನ ಆಸ್ಪತ್ರೆಯಿಂದ ಕರ್ಕೊಂಡು ಬಂದ ಮೂರನೇ ದಿನ. ಒಬ್ರೇ ಬಂದಿದ್ರು. ನಮ್ಮ ಯಜಮಾನ್ರು, ಬರ್ದೋಳ ಮ್ಯಾಲೆ ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ ಅಂತ ಕುಣೀತಿದ್ರು. ಅಜ್ಜಿ ಇದೇ ಜಗಲಿ ಕೆಳಗೆ ನೆಲದ ಮ್ಯಾಲೆ ಕೂತ್ಕೊಂಡು, ‘ಅಳತೆ ನಂದು. ನಮ್ಮ ಹುಡುಗಿಗೆ ಏನೂ ಗೊತ್ತಿಲ್ಲ, ನಾ ಹೇಳಿದ್ದನ್ನ ಬರ್ದಾಳೆ. ಅವಳಿಗೂ ಎರಡು ಸಣ್ಣ ಮಕ್ಕಳು ಅದಾವೆ’ ಅಂತ ಕೈ ಮುಗಿದ್ರು. ಬಿಸಿಲಾಗೆ ನಡ್ಕೊಂಡು ಬಂದಿದ್ರು. ನೀರು ಕೇಳಿದ್ರು." ಸವಿತಾ ಒಂದು ಕಾಯಿ ಸುಲಿದು ಬಟ್ಟಲಿಗೆ ಹಾಕಿದಳು. "ನಮ್ಮತ್ತಿ ಕೊಡಬ್ಯಾಡ ಅಂದ್ರು. ನಾನೂ ಕೊಡ್ಲಿಲ್ಲ."

ನನ್ನ ಪಕ್ಕದಲ್ಲಿ ಚೊಂಬು ಖಾಲಿಯಾಗಿ ಕೂತಿತ್ತು.

"ಆವಾಗ್ಲೇ ಬಂದು ಹೇಳಿದ್ರೆ ಏನಾಗ್ತಿತ್ರಿ ಅಕ್ಕಾ ನಿಮಗೆ?" ಎಂದು ಕೇಳಿದಳು. ನನಗೇನೂ ಆಗುತ್ತಿರಲಿಲ್ಲ. ನಾಲ್ಕು ಜನ ಬೈಯುತ್ತಿದ್ದರು, ಬ್ಲಾಗು ನಿಲ್ಲುತ್ತಿತ್ತು. ಹೇಗೂ ಅದು ನಿಂತೇ ಹೋಯಿತಲ್ಲ.

ಅವಳು ಅಂಗಳದ ತುದಿಯವರೆಗೂ ಬಂದು ಕಳಿಸಲಿಲ್ಲ. ಸರಿಯಾಗಿಯೇ ಮಾಡಿದಳು.

ನಾಳೆ ಹರಿಹರಕ್ಕೆ ಹೋಗುತ್ತಿದ್ದೇನೆ. ಆ ಓಣಿಯಲ್ಲಿ ದೊಡ್ಡವ್ವನ ಕೈ ತಪ್ಪಿತೆಂದು ಈಗಲೂ ನಂಬಿರುವ ಮನೆಗಳು ಬಹಳ ಇವೆ. ಒಂದೊಂದೇ ಬಾಗಿಲಿಗೆ ಹೋಗಿ ಹೇಳಬೇಕು. ಒಳ್ಳೆಯ ಜನ, ಕೂರಿಸಿ ಮೊದಲು ನೀರು ಕೊಡುತ್ತಾರೆ. ಹೇಳಿ ಮುಗಿಸುವ ತನಕ ಅದನ್ನು ಮುಟ್ಟುವುದಿಲ್ಲ. ಹೇಳಿದ ಮೇಲೂ ಕುಡಿಯಿರಿ ಎಂದು ಅವರೇ ಅಂದರೆ, ಆಗ ನೋಡೋಣ.