ಅತ್ತಿ ಗುಡ್ಡ ಏರಿದಳು

ಕೇಳ್ರೆಪಾ ಗೆಳೆಯರ, ನಿಜಾಮರ ರಾಜ್ಯ ಹೋದ ಮ್ಯಾಲ ಇವತ್ತು ಮೊದಲ ಸಲ ಮಂದಿ ಕೂಡಿ ಘಾಟಬೋರಾಳದ ಹತ್ರ ಗುಡ್ಡ ಏರಿದ್ವಿ. "ನಿನ್ನ ಕೈಲೆ ಆಗಂಗಿಲ್ಲ, ಬುತ್ತಿ ಕಾಯ್ಕೋತ ಇಲ್ಲೇ ಕೂಡು" ಅಂತ ನಮ್ಮ ಸೋದರಮಾವ ತನ್ನ ಹೇಣ್ತಿ, ನಮ್ಮ ಅತ್ತಿನ್ನ ಕೆಳಗ ಬೇವಿನ ಗಿಡದ ನೆಳ್ಳಾಗ ಕೂಡಿಸಿದ್ದ.

ತುದಿ ಮುಟ್ಟೂದ್ರಾಗ ಎಲ್ಲಾರಿಗೂ ಹಸಿವಿ. "ಬುತ್ತಿ ತಗೊಂಡು ಬಾ!" ಅಂತ ಮಾವ ಒದರಿದ.

"ನನ್ನ ಕೈಲೆ ಆಗಂಗಿಲ್ರಿ, ನೀವೇ ಇಳೀರಿ!" ಅಂದಳು ಅತ್ತಿ.

ಇಳಿದು ಬಂದು ಉಂಡ್ವಿ. ಮಾವ ಮೊಣಕಾಲು ತಿಕ್ಕೋತ ಅಡ್ಡಾದ. ಅತ್ತಿ ಸೆರಗು ಸಿಗಿಸಿ, "ಉಂಡ ಭಾಂಡೆ ನೋಡ್ಕೋರಿ" ಅಂದವಳೇ ನಮ್ಮನ್ನ ಕರಕೊಂಡು ಗುಡ್ಡ ಏರೇಬಿಟ್ಟಳು.

ತುದಿಗೆ ನಿಂತು ಕೆಳಗ ನೋಡಿ ನಕ್ಕಳು. "ಇಲ್ಲಿಂದ ನಿಮ್ಮ ಮಾವ ಎಷ್ಟು ಸಣ್ಣ ಕಾಣಾಕತ್ತಾರಲ್ಲೋ!"

ಈ ಮಾತು ಮಾವಗ ಯಾರು ಹೇಳೋದು ಅಂತ ದಾರಿ ತುಂಬ ನಮ್ಮೊಳಗ ಜಗಳ.